ಗುಜರಿಗೆ ಹೊರಟಿದ್ದ ಯಂತ್ರ

ಬೆಂಗಳೂರಿನ ಪೀಣ್ಯದಲ್ಲಿ ಚಿಕ್ಕದೊಂದು ಕಾರ್ಖಾನೆ ಮುಚ್ಚುತ್ತಿತ್ತು. ಲೇತುಗಳೆಲ್ಲ ಮಾರಾಟವಾಗಿ ಹೋಗಿದ್ದವು. ಮೂಲೆಯಲ್ಲಿ ಉಳಿದಿದ್ದುದು ಒಂದು ಹಳೆಯ ಮಿಲ್ಲಿಂಗ್ ಯಂತ್ರ. ಅದನ್ನು ಕೊಳ್ಳುವವರಿಲ್ಲದೆ, ಮಾಲೀಕರು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದೆಂದು ಮಾತಾಗಿತ್ತು. ಮೂವತ್ತು ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಅದನ್ನು ಕಂಡು ಮನಸ್ಸು ತಡೆಯಲಿಲ್ಲ. ಗುಜರಿಯವನು ಹೇಳಿದ ಬೆಲೆಯ ಮೇಲೆ ಸ್ವಲ್ಪ ಸೇರಿಸಿ ಕೊಟ್ಟು, ಯಂತ್ರವನ್ನು ಮನೆಗೆ ತಂದೆ. ಮನೆಯ ಪಕ್ಕದ ಕಾರು ನಿಲ್ಲಿಸುವ ಜಾಗವೇ ನನ್ನ ಕಾರ್ಯಾಗಾರವಾಯಿತು. ನಮ್ಮ ಮನೆಯವರು ಏನೆಂದರೆಂಬುದನ್ನು ಇಲ್ಲಿ ಹೇಳಬೇಕಾದುದಿಲ್ಲ.

ಮಿಲ್ಲಿಂಗ್ ಯಂತ್ರವೆಂದರೇನೆಂದು ಕೆಲವರಿಗೆ ತಿಳಿಯದಿರಬಹುದು. ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುವುಮುರುವು: ಹಲವು ಹಲ್ಲುಗಳುಳ್ಳ ಕಟ್ಟರ್ ತಿರುಗುತ್ತದೆ, ತುಂಡನ್ನು ಹಿಡಿದಿರುವ ಮೇಜು ಅದರ ಕೆಳಗೆ ಮೆಲ್ಲನೆ ಸರಿಯುತ್ತದೆ. ಲೇತು ದುಂಡಗಿನ ವಸ್ತುಗಳನ್ನು ಮಾಡಿದರೆ, ಇದು ಚಪ್ಪಟೆಯ ಮುಖಗಳನ್ನೂ ಗಾಡಿಗಳನ್ನೂ ಹಲ್ಲುಚಕ್ರಗಳನ್ನೂ ಮಾಡುತ್ತದೆ. ಅಮೆರಿಕದ ಜೋಸೆಫ್ ಬ್ರೌನ್ ಎಂಬವರು 1862ರಲ್ಲಿ, ಬೈರಿಗೆಯ ಮೈಮೇಲಿನ ಸುರುಳಿ ಗಾಡಿಯನ್ನು ಕೊರೆಯುವುದಕ್ಕಾಗಿ, ಎಲ್ಲ ದಿಕ್ಕಿಗೂ ತಿರುಗಿಸಬಲ್ಲ ಮಿಲ್ಲಿಂಗ್ ಯಂತ್ರವನ್ನು ರಚಿಸಿದರು. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಹುಟ್ಟಿ, ಜಾಲಹಳ್ಳಿಯಲ್ಲಿ ಮೊದಲು ಲೇತುಗಳನ್ನೂ ಆಮೇಲೆ ಮಿಲ್ಲಿಂಗ್ ಯಂತ್ರಗಳನ್ನೂ ತಯಾರಿಸಿತು. ಯಂತ್ರಗಳನ್ನು ಹೆರುವ ಯಂತ್ರಗಳು ಇವು. ಇವಿಲ್ಲದೆ ಬೇರೆ ಕೈಗಾರಿಕೆ ಇಲ್ಲ.

ಹಳೆಯ ಯಂತ್ರವನ್ನು ಕೊಳ್ಳುವವನು ಮೊದಲು ಬಣ್ಣವನ್ನು ನೋಡಬಾರದು. ಹೊಸ ಬಣ್ಣ ಹೊಡೆದ ಯಂತ್ರವನ್ನು ಕಂಡರಂತೂ ಇನ್ನಷ್ಟು ಎಚ್ಚರ ಬೇಕು. ಕೈಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿ, ಬಳಿಕ ಹಿಂದಕ್ಕೆ ತಿರುಗಿಸಬೇಕು. ಮೇಜು ಕದಲುವ ಮೊದಲು ಚಕ್ರ ಎಷ್ಟು ಗೆರೆ ಸುಮ್ಮನೆ ತಿರುಗುತ್ತದೆಂದು ಎಣಿಸಬೇಕು. ನನ್ನ ಯಂತ್ರದ ಚಕ್ರದಲ್ಲಿ ಒಂದು ಗೆರೆಗೆ 0.05 ಮಿಲಿಮೀಟರು. ಹನ್ನೆರಡು ಗೆರೆ ಸುಮ್ಮನೆ ತಿರುಗಿತು. ಎಂದರೆ ತಿರುಪಿಗೂ ನಟ್ಟಿಗೂ ನಡುವೆ 0.6 ಮಿಲಿಮೀಟರು ಸಡಿಲ. ಆಮೇಲೆ ಸ್ಪಿಂಡಲಿನ ಕುಳಿಯೊಳಗೆ ಡಯಲ್ ಗೇಜಿನ ಮುಳ್ಳನ್ನಿಟ್ಟು ಕೈಯಿಂದ ತಿರುಗಿಸಿದೆ. ಮುಳ್ಳು 0.04 ಮಿಲಿಮೀಟರು ಆಡಿತು. ಬೇರಿಂಗು ಹೋಗಿದೆಯೆಂದು ಮಾಲೀಕರು ತಾವಾಗಿಯೇ ಬೆಲೆ ಇಳಿಸಿದರು. ನಾನೂ ಹಾಗೆಯೇ ನಂಬಿದ್ದೆ. ಅದು ತಪ್ಪೆಂದು ಆಮೇಲೆ ತಿಳಿಯಿತು.

ಹತ್ತಿರ ಹತ್ತಿರ ಒಂದು ಟನ್ ತೂಕದ ವಸ್ತುವನ್ನು ಸಾಗಿಸುವುದು ಹುಡುಗಾಟವಲ್ಲ. ಮೇಜನ್ನು ಕೆಳಗಿನ ತುದಿಯವರೆಗೆ ಇಳಿಸಿ, ಎಲ್ಲ ಬಿಗಿಗಳನ್ನೂ ಬಿಗಿದು, ಭಾರವನ್ನು ನೆಲದ ಹತ್ತಿರಕ್ಕೆ ತರಬೇಕು. ಲಾರಿಯಿಂದ ಇಳಿಸಿದ ಮೇಲೆ ಕಬ್ಬಿಣದ ಕೊಳವೆಗಳನ್ನು ಅಡಿಗೆ ಹಾಕಿ, ಹಾರೆಯಿಂದ ಮೀಟಿ ಉರುಳಿಸಿದೆವು. ಜಾರುವ ಯಂತ್ರಕ್ಕೆ ಕೈ ಕೊಡಬಾರದು. ಯಂತ್ರ ಬಿದ್ದರೆ ಬೀಳಲಿ, ಮನುಷ್ಯ ಪಕ್ಕಕ್ಕೆ ಸರಿಯಬೇಕೆಂದು ಮೊದಲೇ ಎಲ್ಲರಿಗೂ ಹೇಳಿದ್ದೆ.

ಮುಂದಿನ ಕೆಲಸ ಬಿಚ್ಚುವುದು. ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ಚಿತ್ರ ತೆಗೆದಿಟ್ಟುಕೊಳ್ಳಬೇಕು. ನೆನಪಿರುತ್ತದೆಂಬ ಧೈರ್ಯ ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಗಟ್ಟಿಯಾಗಿದ್ದ ಎಣ್ಣೆಯನ್ನೂ ಲೋಹದ ಪುಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ಎಣ್ಣೆ ಹರಿಯುವ ಸಣ್ಣ ಕಾಲುವೆಗಳೆಲ್ಲ ಕಟ್ಟಿಹೋಗಿದ್ದವು. ಯಂತ್ರ ಸವೆಯುವುದಕ್ಕೆ ಅರ್ಧ ಕಾರಣ ಅದೇ. ಜಾರುಮುಖಗಳ ತುಕ್ಕನ್ನು ಮಾತ್ರ ಉಪ್ಪುಕಾಗದದಿಂದ ಉಜ್ಜಬಾರದು. ಅದರ ಹರಳು ಬೀಡು ಕಬ್ಬಿಣದಲ್ಲಿ ನಾಟಿಕೊಂಡು, ಮುಂದೆ ತಾನೇ ಒಂದು ಅರದಂತೆ ಎರಡು ಮುಖಗಳನ್ನೂ ತಿನ್ನುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಲೂಬಾರದು.

ತೊಳೆದು ಒರೆಸಿದ ಮೇಲೆ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು ಸಂತೋಷದ್ದು. ಸ್ಪಿಂಡಲಿನ ಕುಳಿಯಲ್ಲಿ ಒಣಗಿದ ಕೊಳೆಯೂ, ಯಾವನೋ ಸುತ್ತಿಗೆಯಿಂದ ಎಬ್ಬಿಸಿದ ಒಂದು ಗಂಟೂ ಇತ್ತು. ಅದನ್ನು ಎಣ್ಣೆಕಲ್ಲಿನಿಂದ ಮೆಲ್ಲನೆ ತೆಗೆದಾಗ ಡಯಲಿನ ಆಟ 0.01ಕ್ಕೆ ಇಳಿಯಿತು. ಒಂದು ಗಂಟೆ ಓಡಿಸಿದರೂ ಬೇರಿಂಗು ಕೈಗೆ ಬೆಚ್ಚಗೆ ಮಾತ್ರ ತಾಗಿತು. ಬೇರಿಂಗು ಹೋಗಿರಲಿಲ್ಲ, ಕೊಳೆಯೇ ಬೇರಿಂಗಿನ ಹೆಸರು ಕೆಡಿಸಿತ್ತು.

ಎರಡನೆಯದು ಅಷ್ಟು ಸುಲಭದ್ದಲ್ಲ. ಮೇಜು ಜಾರುವ ಮುಖ ನಡುವೆ ಸವೆದು, ಎರಡು ತುದಿಗಳಲ್ಲಿ ಹೊಸದರಂತೆಯೇ ಇತ್ತು. ದಿನದ ಕೆಲಸವೆಲ್ಲ ಮೇಜಿನ ನಡುವೆಯೇ ನಡೆಯುವುದರಿಂದ ಹೀಗಾಗುವುದು ಸಹಜ. ಸಡಿಲವನ್ನು ಹಿಡಿಯಲು ಇರುವ ಗಿಬ್ ಪಟ್ಟಿಯನ್ನು ನಡುವಿನ ಲೆಕ್ಕಕ್ಕೆ ಬಿಗಿದರೆ ಮೇಜು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿಯ ಲೆಕ್ಕಕ್ಕೆ ಬಿಗಿದರೆ ನಡುವೆ ಅಲ್ಲಾಡುತ್ತದೆ. ಇದಕ್ಕೆ ಮದ್ದು ಹೆರೆಯುವುದೊಂದೇ.

ಹೆರೆಯುವ ವಿದ್ಯೆ ನೋಡುವುದಕ್ಕೆ ಸರಳ. ನಿಜವಾಗಿ ನೇರವಾಗಿರುವ ಒಂದು ಉಕ್ಕಿನ ಪಟ್ಟಿಗೆ ತೆಳುವಾಗಿ ನೀಲಿಬಣ್ಣ ಸವರಿ, ಜಾರುಮುಖದ ಮೇಲೆ ಉಜ್ಜಬೇಕು. ಎತ್ತರವಿರುವ ಕಡೆ ನೀಲಿ ಅಂಟುತ್ತದೆ. ಅಂಟಿದಲ್ಲಿ ಮಾತ್ರ ಚೂಪಾದ ಉಳಿಯಿಂದ ಹೆರೆಯಬೇಕು. ಒರೆಸಿ ಮತ್ತೆ ನೀಲಿ ಹಚ್ಚಿ ನೋಡಬೇಕು. ಒಂದು ಸಲಕ್ಕೆ ಹೋಗುವುದು ಸುಮಾರು 0.003 ಮಿಲಿಮೀಟರು. ನನ್ನ ಮೇಜಿನ ಸವೆತ 0.06. ಎಂದರೆ ತುದಿಗಳನ್ನು ನಡುವಿನ ಮಟ್ಟಕ್ಕೆ ತರಲು ಇಪ್ಪತ್ತಕ್ಕೂ ಹೆಚ್ಚು ಸಲ ಇಡೀ ಮುಖವನ್ನು ಸುತ್ತಿ ಬರಬೇಕು. ಎರಡು ತಿಂಗಳು ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು. ಮೊದಲ ವಾರ ಅವಸರದಿಂದ ಒಂದು ಕಡೆ ಆಳವಾಗಿ ಹೆರೆದುಬಿಟ್ಟೆ. ಆ ಒಂದು ಹಳ್ಳಕ್ಕೋಸ್ಕರ ಉಳಿದುದನ್ನೆಲ್ಲ ಕೆಳಗಿಳಿಸಬೇಕಾಯಿತು. ತೆಗೆದ ಲೋಹವನ್ನು ಮತ್ತೆ ಹಾಕಲಾಗದೆಂಬ ಪಾಠವನ್ನು ನಿವೃತ್ತನಾದ ಮೇಲೆ ಎರಡನೆಯ ಸಲ ಕಲಿತೆ.

ತಿರುಪಿನ ಸಡಿಲಕ್ಕೂ ಇದೇ ನಿಯಮ. ತಿರುಪು ನಡುವೆಯೇ ಸವೆದಿರುತ್ತದೆ. ಆದ್ದರಿಂದ ಎರಡು ಹೋಳಿನ ನಟ್ಟನ್ನು ತಿರುಪಿನ ತುದಿಯಲ್ಲಿಟ್ಟು ಹೊಂದಿಸಬೇಕು, ನಡುವೆ ಅಲ್ಲ. ಹಾಗೆ ಹೊಂದಿಸಿದ ಮೇಲೂ ನಡುವೆ ನಾಲ್ಕು ಗೆರೆ, ಎಂದರೆ 0.2 ಮಿಲಿಮೀಟರು ಉಳಿಯಿತು. ಹೊಸ ತಿರುಪು ಹಾಕಿಸುವಷ್ಟು ಹಣವಿಲ್ಲದವನು ಆ ಉಳಿದ ಸಡಿಲವನ್ನು ನೆನಪಿಟ್ಟು ಕೆಲಸ ಮಾಡಬೇಕು. ಕಟ್ಟರಿನ ಹಲ್ಲು ಬರುವ ದಿಕ್ಕಿಗೆ ಎದುರಾಗಿಯೇ ತುಂಡನ್ನು ನೂಕಬೇಕು. ಹಲ್ಲು ಹೋಗುವ ದಿಕ್ಕಿಗೇ ತುಂಡು ಹೋದರೆ, ಸಡಿಲವಿದ್ದಷ್ಟು ದೂರ ಮೇಜನ್ನು ಕಟ್ಟರ್ ತಾನೇ ಸರಕ್ಕನೆ ಎಳೆದುಕೊಳ್ಳುತ್ತದೆ. ಕಟ್ಟರ್ ಮುರಿಯುತ್ತದೆ, ಇಲ್ಲವೆ ತುಂಡು ಹಾರುತ್ತದೆ.

ಇನ್ನು ವಿದ್ಯುತ್ತಿನ ವಿಚಾರ. ಈ ಭಾಷಣಕ್ಕೆ ನಾನು ಒಪ್ಪಿಕೊಂಡದ್ದು ಮುಖ್ಯವಾಗಿ ಇದನ್ನು ಹೇಳುವುದಕ್ಕೆ. ಯಂತ್ರದ ಮೋಟಾರು ಮೂರು ಫೇಸಿನದು, ಮನೆಯಲ್ಲಿರುವುದು ಒಂದೇ ಫೇಸು. ಯಂತ್ರ ತಿರುಗುವುದನ್ನು ನೋಡುವ ಆತುರದಲ್ಲಿ, ಹಳೆಯ ನೀರೆತ್ತುವ ಪಂಪಿನ ಮೋಟಾರನ್ನು ಕಟ್ಟಿ, ಗೋಡೆಯ ದೀಪಕ್ಕೆ ಹಾಕುವಂಥ ಸಾಮಾನ್ಯ ಸ್ವಿಚ್ಚನ್ನು ಜೋಡಿಸಿದೆ. ತಾತ್ಕಾಲಿಕವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಕೆಲಸದ ನಡುವೆ ಕರೆಂಟು ಹೋಯಿತು. ಕಟ್ಟರ್ ನಿಂತಿತು. ಸ್ವಿಚ್ಚನ್ನು ಆರಿಸಲು ನಾನು ಮರೆತೆ. ಹತ್ತು ವರ್ಷದ ಮೊಮ್ಮಗ ಬಂದು, “ತಾತ, ಪುಡಿ ನಾನು ತೆಗೀಲಾ?” ಎಂದ. ತೆಗೆ ಎಂದೆ. ಅವನು ಬ್ರಷ್ಷು ಹಿಡಿದು ಕಟ್ಟರಿನ ಸುತ್ತ ಗುಡಿಸುತ್ತಿದ್ದಾಗ ಕರೆಂಟು ಬಂತು. ಬ್ರಷ್ಷು ಕಟ್ಟರಿಗೆ ಸಿಕ್ಕಿ, ಅವನ ಕೈಯಿಂದ ಕಿತ್ತು ಗೋಡೆಗೆ ಬಡಿಯಿತು. ಹಿಡಿ ಉದ್ದವಿತ್ತು, ಅವನ ಬೆರಳುಗಳು ಒಂದು ಗೇಣು ದೂರದಲ್ಲಿದ್ದವು, ಅಷ್ಟರಿಂದ ಉಳಿದೆವು. ಹುಡುಗ ಅಳಲಿಲ್ಲ. ನನಗೆ ಮಾತ್ರ ಕಾಲಲ್ಲಿ ಶಕ್ತಿಯಿಲ್ಲದೆ ನೆಲದ ಮೇಲೆ ಕೂರಬೇಕಾಯಿತು. ಮೂವತ್ತು ವರ್ಷ ಬೇರೆಯವರಿಗೆ ಸುರಕ್ಷತೆ ಬೋಧಿಸಿದವನು ನಾನು.

ಮಾರನೆಯ ದಿನವೇ ಆ ಮೋಟಾರನ್ನು ಕಿತ್ತೆ. ಯಂತ್ರದ ಸ್ವಂತ ಮೋಟಾರು ಒಂದು ಅಶ್ವಶಕ್ತಿಯದು, 415 ವೋಲ್ಟಿಗೆ ಸ್ಟಾರ್ ರೀತಿಯಲ್ಲಿ ಜೋಡಿಸಿದ್ದು. ಹಾಗಿದ್ದಲ್ಲಿ ಒಂದೊಂದು ಸುರುಳಿಯ ಮೇಲೂ ಬೀಳುವುದು 240 ವೋಲ್ಟು. ಡಬ್ಬಿಯಲ್ಲಿ ಆರು ತುದಿಗಳೂ ಇದ್ದರೆ ಅವನ್ನು ಡೆಲ್ಟಾ ರೀತಿಗೆ ಬದಲಾಯಿಸಿ, ಮನೆಯ ಒಂದು ಫೇಸಿನಿಂದ ಮೂರು ಫೇಸು ಮಾಡಿಕೊಡುವ ಡ್ರೈವಿನಿಂದ ಓಡಿಸಬಹುದು. ಮೋಟಾರಿನ ಫಲಕವನ್ನು ಓದದೆ ಇದನ್ನು ಮಾಡಬಾರದು, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಮಾಡಿಸಬೇಕು, ಭೂಸಂಪರ್ಕ ಇರಲೇಬೇಕು. ಡ್ರೈವಿನಿಂದ ವೇಗವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಆದರೆ ತೀರ ಇಳಿಸಿದರೆ ಮೋಟಾರಿನ ಬೀಸಣಿಗೆಯೂ ನಿಧಾನವಾಗಿ ಮೋಟಾರು ಕಾಯುತ್ತದೆ, ಶಕ್ತಿಯೂ ಕುಂದುತ್ತದೆ. ಹೆಚ್ಚು ಇಳಿತಕ್ಕೆ ಬೆಲ್ಟು ಬದಲಾಯಿಸುವುದೇ ಸರಿ. ಎಲ್ಲಕ್ಕಿಂತ ಮುಖ್ಯವಾದುದು: ಕರೆಂಟು ಹೋಗಿ ಬಂದರೆ, ಹಸುರು ಗುಂಡಿಯನ್ನು ಮತ್ತೆ ಒತ್ತುವವರೆಗೂ ಯಂತ್ರ ಕದಲದಂತೆ ಏರ್ಪಾಡು ಮಾಡಿಸಿದೆ. ಕೈಗೆ ಎಟುಕುವಲ್ಲಿ ಕೆಂಪು ಅಣಬೆಯಂಥ ನಿಲುಗಡೆ ಗುಂಡಿಯನ್ನೂ ಹಾಕಿಸಿದೆ. ಈಗ ಪುಡಿ ತೆಗೆಯುವ ಮೊದಲು ಮೊಮ್ಮಗನೇ ಅದನ್ನು ಒತ್ತಿ, ನನ್ನ ಮುಖ ನೋಡುತ್ತಾನೆ.

ಕೊನೆಯದಾಗಿ ಮೇಜಿನ ಸ್ಥಾನವನ್ನು ಅಂಕೆಗಳಲ್ಲಿ ತೋರಿಸುವ ಅಳತೆಪಟ್ಟಿಗಳನ್ನು ಹಾಕಿಸಿದೆ. ತಿರುಪು ಎಷ್ಟು ತಿರುಗಿತೆಂಬುದನ್ನು ಬಿಟ್ಟು, ಮೇಜು ನಿಜವಾಗಿ ಎಷ್ಟು ಸರಿಯಿತೆಂಬುದನ್ನು ಇವು ಹೇಳುವುದರಿಂದ ಸವೆದ ತಿರುಪಿನ ಸುಳ್ಳು ಅಳತೆಯಲ್ಲಿ ಸೇರುವುದಿಲ್ಲ. ಆದರೆ ಸಡಿಲ ಎಲ್ಲಿಗೂ ಹೋಗಿಲ್ಲ. ಕಟ್ಟರ್ ಎಳೆಯುವುದನ್ನು ಅಂಕೆಗಳು ತಡೆಯವು. ಒಳ್ಳೆಯ ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಮಂಡಿನೋವು ವಾಸಿಯಾಗುವುದಿಲ್ಲವಷ್ಟೆ.

ಎಂಟು ತಿಂಗಳು ಹಿಡಿಯಿತು. ಖರ್ಚನ್ನು ಕೂಡಿದರೆ ಯಂತ್ರದ ಬೆಲೆಯನ್ನು ಮೀರಿತು. ಇದರಿಂದ ಲಾಭ ಬರುತ್ತದೆಂದು ಯಾರಿಗೂ ನಾನು ಹೇಳಲಾರೆ. ಬೇಗ ಕೆಲಸ ಬೇಕಾದವರು ಸುಸ್ಥಿತಿಯಲ್ಲಿರುವ ಯಂತ್ರವನ್ನೇ ಕೊಳ್ಳಲಿ. ಬೀಡು ಬಿರುಕು ಬಿಟ್ಟಿದ್ದರೆ, ಒಳಗಿನ ಹಲ್ಲುಚಕ್ರಗಳು ಮುರಿದಿದ್ದರೆ, ಗುಜರಿಯವನಿಗೇ ಬಿಡುವುದು ವಿವೇಕ.

ಮೊನ್ನೆ ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ಒಂದು ಶಾಫ್ಟು ತಂದರು. 25 ಮಿಲಿಮೀಟರಿನದು, ಕೀಲಿಯ ಗಾಡಿ ಸವೆದು ರಾಟೆ ಜಾರುತ್ತಿತ್ತು. ಹೊಸ ಶಾಫ್ಟಿನಲ್ಲಿ 8 ಮಿಲಿಮೀಟರು ಅಗಲ, 4 ಮಿಲಿಮೀಟರು ಆಳದ ಗಾಡಿಯನ್ನು ಕೊರೆದುಕೊಟ್ಟೆ. ಕೀಲಿಯನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿದೆ, ಅಲ್ಲಾಡದೆ ಕೂತಿತು. ಸಂಜೆಗೆ ಗಿರಣಿ ಓಡಿತು. “ಎಷ್ಟು ಕೊಡಲಿ ಸ್ವಾಮಿ?” ಎಂದು ಅವರು ಕೇಳಿದರು. ಎರಡು ಸೇರು ರಾಗಿ ಬೀಸಿಕೊಡಿ ಎಂದೆ. ಆ ಹಿಟ್ಟಿನ ಮುದ್ದೆ ತಿನ್ನುವಾಗ ನಮ್ಮ ಮನೆಯವರು ಯಂತ್ರದ ವಿಷಯದಲ್ಲಿ ಮೊದಲ ಸಲ ಏನೂ ಅನ್ನಲಿಲ್ಲ.