ಶಸ್ತ್ರಕ್ರಿಯೆಗೆ ಮುನ್ನ ಒಂದು ಲೋಟ ಪಾನಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡದ ಹಬ್ಬದ ದಿನ ಹೊಟ್ಟೆಯ ವಿಚಾರವೇ ಎಂದು ತಾವು ನಗಬಹುದು. ಅರಿವಳಿಕೆ ಕೊಡುವ ಕಸುಬಿನವರಾದ ನಮಗೆ ಬೇರೆ ವಿಚಾರ ಬಾರದು. ಆದರೆ ಈ ಹೊಟ್ಟೆಯ ವಿಚಾರದಲ್ಲಿ ಭಾಷೆಯ ವಿಚಾರವೂ ಸೇರಿಕೊಂಡಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುವೆವು.

ಕಾಸರಗೋಡಿನ ನಮ್ಮ ಮನೆಗಳಿಂದ ಮಂಗಳೂರಿಗೆ ಹೋಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ‘ರಾತ್ರಿ ಹನ್ನೆರಡರ ಮೇಲೆ ತೊಟ್ಟು ನೀರೂ ಕೂಡದು’ ಎಂಬ ಅಪ್ಪಣೆ ತಮಗೆ ನೆನಪಿರಬೇಕು. ಸರದಿ ಬರುವುದು ಮಧ್ಯಾಹ್ನ ಎರಡಕ್ಕಾದರೂ ಅಪ್ಪಣೆ ಅದೇ. ವೈಶಾಖದ ಬಿಸಿಲಿನಲ್ಲಿ ನಾಲಗೆ ಒಣಗಿ ಮಲಗಿರುವ ಮುದುಕರಿಗೆ ಹಾಗೆ ಹೇಳಿದವರಲ್ಲಿ ನಾವೂ ಒಬ್ಬರು. ಇದನ್ನು ಒಪ್ಪಿಕೊಳ್ಳದೆ ಮಾತು ಮುಂದುವರಿಸುವುದು ಸರಿಯಲ್ಲ.

ಆ ಅಪ್ಪಣೆ ಸುಮ್ಮನೆ ಹುಟ್ಟಿದ್ದಲ್ಲ. ಎಚ್ಚರವಿರುವಾಗ ಅನ್ನ ತಪ್ಪಿ ಗಾಳಿಯ ದಾರಿ ಹಿಡಿದರೆ ನಾವು ಕೆಮ್ಮುತ್ತೇವೆ. ಅರಿವಳಿಕೆಯಲ್ಲಿ ಗಂಟಲಿನ ಈ ಕಾವಲುಗಾರನೂ ನಿದ್ರಿಸುತ್ತಾನೆ. ಜಠರದಲ್ಲಿದ್ದುದು ಮೇಲಕ್ಕೆ ಉಕ್ಕಿದರೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ 44,016 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿ, ಅರಿವಳಿಕೆಯಲ್ಲಿ ಹೀಗಾದ 66 ಪ್ರಸಂಗಗಳನ್ನು ಪ್ರಕಟಿಸಿದನು. ಅವರಲ್ಲಿ ಇಬ್ಬರು ತಾಯಂದಿರು ಘನ ಆಹಾರ ಉಸಿರಿಗೆ ಅಡ್ಡಬಿದ್ದು ತೀರಿಕೊಂಡಿದ್ದರು. ಜಗತ್ತಿನ ವೈದ್ಯರು ಬೆದರಿದರು. ಅನ್ನಕ್ಕೆ ಹಾಕಬೇಕಾದ ಕಟ್ಟನ್ನು ನೀರಿಗೂ ಹಾಕಿಬಿಟ್ಟರು. ವಿಚಿತ್ರವೆಂದರೆ, ಅದಕ್ಕೂ ಬಹಳ ಹಿಂದೆ, 1883ರಲ್ಲಿಯೇ, ಇಂಗ್ಲೆಂಡಿನ ಲಿಸ್ಟರ್ ಮಹಾಶಯನು ಕ್ಲೋರೋಫಾರಂ ಕೊಡುವ ಮುನ್ನ ಜಠರದಲ್ಲಿ ಘನ ಪದಾರ್ಥವಿರಬಾರದು, ಆದರೆ ಸುಮಾರು ಎರಡು ಗಂಟೆ ಮೊದಲು ಒಂದು ಬಟ್ಟಲು ಚಹಾ ಕೊಡುವುದು ಹಿತವೆಂದು ಬರೆದಿದ್ದನು!

ಆರೋಗ್ಯವಂತನ ಜಠರದಲ್ಲಿ ಕುಡಿದ ನೀರಿನ ಅರ್ಧ ಪಾಲು ಹತ್ತಿಪ್ಪತ್ತು ನಿಮಿಷಗಳಲ್ಲಿ ಕರುಳಿಗೆ ಸಾಗುತ್ತದೆ. ಇದನ್ನು ಅಳೆದು ನೋಡಿದ ಮೇಲೆ 1999ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘವು ಹೊಸ ನಿಯಮವನ್ನು ಹೊರಡಿಸಿತು: ತಿಳಿಯಾದ ದ್ರವಕ್ಕೆ ಎರಡು ಗಂಟೆ, ತಾಯಿಯ ಹಾಲಿಗೆ ನಾಲ್ಕು, ಹಸುವಿನ ಹಾಲಿಗೂ ಲಘು ಆಹಾರಕ್ಕೂ ಆರು, ಕರಿದ ತಿಂಡಿಗೂ ಮಾಂಸಕ್ಕೂ ಎಂಟು ಗಂಟೆ ಅಥವಾ ಇನ್ನೂ ಹೆಚ್ಚು.

ಇಷ್ಟಾದ ಮೇಲೆ ಬರಿಯ ನೀರೇ ಏಕೆ, ಪೌಷ್ಟಿಕ ಪಾನೀಯವನ್ನೇ ಕೊಡಬಾರದೇಕೆ ಎಂದು ಯೋಚಿಸಿದವರು ಸ್ವೀಡನ್ನಿನ ವೈದ್ಯರು. ಮುಖ್ಯವಾಗಿ ಓಲೆ ಯುಂಗ್‌ಕ್ವಿಸ್ಟ್ ಎಂಬ ಶಸ್ತ್ರವೈದ್ಯರು. ದೂರ ಪ್ರಯಾಣಕ್ಕೆ ಹೊರಡುವವನಿಗೆ ನಮ್ಮ ತಾಯಂದಿರು ಬುತ್ತಿ ಕಟ್ಟಿಕೊಡುವುದಿಲ್ಲವೆ? ದೇಹದ ಬುತ್ತಿಯಿರುವುದು ಯಕೃತ್ತಿನಲ್ಲಿ: ಗ್ಲೈಕೋಜನ್ ಎಂಬ ಹೆಸರಿನ ಸುಮಾರು ನೂರು ಗ್ರಾಂ ಸಕ್ಕರೆಯ ಸಂಗ್ರಹ. ಒಂದು ರಾತ್ರಿಯ ಉಪವಾಸದಲ್ಲಿ ಅದರ ಬಹುಭಾಗ ಕರಗುತ್ತದೆ. ಬುತ್ತಿ ಬರಿದಾದ ಹೊತ್ತಿನಲ್ಲಿಯೇ ಶಸ್ತ್ರದ ಗಾಯವೂ ಆದರೆ ದೇಹವು ಅದನ್ನು ಕ್ಷಾಮದ ಮೇಲೆ ಬಂದ ದಂಡಯಾತ್ರೆಯೆಂದು ಬಗೆಯುತ್ತದೆ. ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ರಸಗಳು ಏರುತ್ತವೆ. ಇನ್ಸುಲಿನ್ನಿನ ಮಾತನ್ನು ಸ್ನಾಯುಗಳು ಕೇಳದಾಗುತ್ತವೆ. ಮಧುಮೇಹವಿಲ್ಲದವನ ರಕ್ತದಲ್ಲಿಯೂ ಸಕ್ಕರೆ ಹೆಚ್ಚುತ್ತದೆ. ಮಾಂಸಖಂಡವು ಕರಗಿ ಇಂಧನವಾಗುತ್ತದೆ. ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಯಾದರೆ ಈ ಅವಸ್ಥೆ ಎರಡು ಮೂರು ವಾರವೂ ಉಳಿಯುವುದುಂಟು.

ಇದನ್ನು ತಗ್ಗಿಸಲು ಅವರು ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ ಕದಡಿದ, ನೂರು ಮಿಲಿಲೀಟರಿಗೆ ಹನ್ನೆರಡೂವರೆ ಗ್ರಾಂನಷ್ಟು ಶರ್ಕರವುಳ್ಳ ಪಾನೀಯವನ್ನು ಹಿಂದಿನ ಸಂಜೆ 800 ಮಿಲಿಲೀಟರ್, ಶಸ್ತ್ರಕ್ರಿಯೆಗೆ ಎರಡು ಗಂಟೆ ಮೊದಲು 400 ಮಿಲಿಲೀಟರ್ ಕುಡಿಸಿದರು. ಇನ್ಸುಲಿನ್ ಎಚ್ಚೆತ್ತಿತು; ದೇಹವು ಉಂಡವನ ದೇಹವಾಗಿ ಮೇಜಿನ ಮೇಲೆ ಮಲಗಿತು. ಬಾಯಾರಿಕೆ, ಹಸಿವು, ಕಳವಳಗಳೂ ತಗ್ಗಿದವು.

ಇದು ಸಂಜೀವಿನಿಯೆಂದು ನಾವು ಹೇಳಲಾರೆವು. 2014ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶಕರು 27 ಪ್ರಯೋಗಗಳ 1,976 ರೋಗಿಗಳ ಲೆಕ್ಕವನ್ನು ಕೂಡಿಸಿದಾಗ, ಆಸ್ಪತ್ರೆಯ ವಾಸ ಸರಾಸರಿ ಒಂದು ದಿನದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇಳಿದಿತ್ತು. ತೊಡಕುಗಳು ಕಡಿಮೆಯಾದುದು ಕಾಣಲಿಲ್ಲ. ಅಂಗಡಿಯವರು ಡಬ್ಬಿಯ ಮೇಲೆ ಬರೆದುದನ್ನೆಲ್ಲ ನಂಬಬೇಕಾಗಿಲ್ಲ. ಮಧುಮೇಹಿಗಳಿಗೆ, ಕರುಳು ಕಟ್ಟಿದವರಿಗೆ, ತುರ್ತಾಗಿ ಶಸ್ತ್ರಕ್ರಿಯೆಯಾಗಬೇಕಾದವರಿಗೆ ಈ ನಿಯಮವನ್ನು ಹಾಗೆಯೇ ಹಚ್ಚುವುದು ಅಪಾಯ. ಅವರ ಜಠರ ಬೇಗ ಬರಿದಾಗದಿರಬಹುದು. ನಮ್ಮ ದೃಷ್ಟಿಯಲ್ಲಿ ಇದರ ದೊಡ್ಡ ಲಾಭವೆಂದರೆ, ರೋಗಿಯನ್ನು ವ್ಯರ್ಥವಾಗಿ ಒಣಗಿಸುವ ರೂಢಿ ತಪ್ಪುವುದೇ.

ಇನ್ನು ಭಾಷೆಯ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಗಡಿಯ ಊರಿನ ಒಬ್ಬ ಅಜ್ಜಿ ಪಟ್ಟಣದ ಒಂದು ಆಸ್ಪತ್ರೆಗೆ ಬಂದರು. ಸೂಚನೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಬೆಳಗ್ಗೆ ಆರರವರೆಗೆ ತಿಳಿಯಾದ ದ್ರವ ಕುಡಿಯಬಹುದೆಂದು ಮೊಮ್ಮಗ ಓದಿ ಹೇಳಿದ. ಅಜ್ಜಿ ಮನೆಯಿಂದ ತಂದಿದ್ದ ಕುಚ್ಚಲಕ್ಕಿಯ ಗಂಜಿತಿಳಿಯನ್ನು ಐದೂಮುಕ್ಕಾಲಿಗೆ ತೃಪ್ತಿಯಾಗಿ ಕುಡಿದರು. ಹೆಸರೇ ತಿಳಿಯಲ್ಲವೆ! ಎಂಟು ಗಂಟೆಗೆ ನಾವು ಕೇಳಿದಾಗ ಮೊಮ್ಮಗ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಿದ್ದರೂ ಅಜ್ಜಿ ಮುಚ್ಚಿಡಲಿಲ್ಲ: “ಗಂಜಿತಿಳಿ ಕುಡಿದಿದ್ದೇನೆ ಮಗಾ, ಉಪ್ಪು ಹಾಕಿ.” ಶಸ್ತ್ರಕ್ರಿಯೆ ಮರುದಿನಕ್ಕೆ ಹೋಯಿತು. ಮೊಮ್ಮಗನಿಗೆ ಒಂದು ದಿನದ ಖರ್ಚು ನಷ್ಟವಾಯಿತು. ಅಜ್ಜಿ ಸುಳ್ಳು ಹೇಳಿದ್ದರೆ ಏನು ನಷ್ಟವಾಗುತ್ತಿತ್ತೆಂಬುದನ್ನು ನಾವು ಇಂದಿಗೂ ನೆನೆಯಲಾರೆವು. ಅವರ ತಪ್ಪಾದರೂ ಏನು? ವೈದ್ಯರ ತಿಳಿಯೆಂದರೆ, ಗಾಜಿನ ಲೋಟದ ಆಚೆ ಹಿಡಿದ ಪತ್ರಿಕೆಯ ಅಕ್ಷರ ಓದಲು ಬರುವಂಥದು: ನೀರು, ಹಾಲಿಲ್ಲದ ಚಹಾ, ಸೋಸಿದ ಸೇಬಿನ ರಸ. ಗಂಜಿತಿಳಿ, ಮಜ್ಜಿಗೆ, ಹಾಲು ಬೆರೆಸಿದ ಕಾಫಿ ಈ ಪಂಕ್ತಿಗೆ ಸೇರವು. ಇದನ್ನು ಅಜ್ಜಿಗೆ ಅವರ ಮಾತಿನಲ್ಲಿ ಹೇಳಿದವರು ಯಾರೂ ಇರಲಿಲ್ಲ.

ಆದುದರಿಂದ ಇಂಥ ಚೀಟಿಯೊಂದನ್ನು ಕನ್ನಡದಲ್ಲಿ ಬರೆದು ತಂದಿದ್ದೇವೆ. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ‘ತಿಳಿ’ ಎಂಬ ಮಾತಿನ ಸ್ಥಳವನ್ನು ಖಾಲಿ ಬಿಟ್ಟಿದ್ದೇವೆ. ತಮ್ಮ ಮನೆಯ ಅಜ್ಜಿಗೆ ಯಾವ ಮಾತು ಹೇಳಿದರೆ ಗಂಜಿಯ ನೆನಪು ಬಾರದೋ, ಆ ಮಾತನ್ನು ದಯವಿಟ್ಟು ಅಲ್ಲಿ ಬರೆದಿಟ್ಟು ಹೋಗಬೇಕೆಂದು ಪ್ರಾರ್ಥಿಸುತ್ತೇವೆ.