ನೆರಳು ಬೀಳುವ ಊರಿಗೆ

ಮಕ್ಕಳೇ, ಮಂಡ್ಯದಲ್ಲೋ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಮನೆ ಜಗಲಿಯ ಮೇಲೆ ಕೂತು, ಪೂರ್ಣ ಸೂರ್ಯಗ್ರಹಣ ತಾನಾಗಿ ಬರಲಿ ಅಂತ ಕಾದರೆ ಎಷ್ಟು ವರ್ಷ ಕಾಯಬೇಕಾದೀತು? ಭೂಮಿಯ ಮೇಲಿನ ಯಾವುದೇ ಒಂದು ಊರಿಗೆ ಅದು ಸರಾಸರಿ 375 ವರ್ಷಕ್ಕೊಮ್ಮೆ ಬರುತ್ತದೆ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಅಷ್ಟು ಆಯುಸ್ಸು ನಮಗ್ಯಾರಿಗೂ ಇಲ್ಲ. ಅದಕ್ಕೇ ಗ್ರಹಣದ ಹುಚ್ಚು ಹಿಡಿದವರು ಕಾಯುತ್ತ ಕೂರುವುದಿಲ್ಲ. ನೆರಳು ಯಾವ ಊರಿನ ಮೇಲೆ ಹಾಯುತ್ತದೆ ಎಂದು ನೋಡಿಕೊಂಡು ಆ ಊರಿಗೇ ಹೊರಟುಬಿಡುತ್ತಾರೆ.

ನೆರಳು ಅಂದೆ. ಯಾರ ನೆರಳು? ಚಂದ್ರನದು. ಚಂದ್ರನ ಅಡ್ಡಳತೆ 3,474 ಕಿಲೋಮೀಟರ್. ಸೂರ್ಯ ಅದಕ್ಕಿಂತ ಸುಮಾರು 400 ಪಟ್ಟು ದೊಡ್ಡವನು. ಆದರೆ ಅವನಿರುವುದೂ ಸುಮಾರು 400 ಪಟ್ಟು ದೂರದಲ್ಲಿ. ಹಾಗಾಗಿ ಆಕಾಶದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ ಗಾತ್ರ ಕಾಣುತ್ತಾರೆ. ನಂಬಿಕೆಯಾಗದಿದ್ದರೆ ಗದ್ದೆಯಾಚೆಗಿನ ತೆಂಗಿನಮರದ ಕಡೆ ತಿರುಗಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿಯಿರಿ. ಅಷ್ಟೆತ್ತರದ ಮರ ಹೆಬ್ಬೆರಳಿನ ಹಿಂದೆ ಮಾಯ. ಈಗ ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ. ಮರದ ಒಂದು ಭಾಗ ಇಣುಕುತ್ತದೆ. ಗ್ರಹಣದಲ್ಲೂ ನಡೆಯುವುದು ಇಷ್ಟೇ. ನಾವು ನಿಂತ ಜಾಗ ಸ್ವಲ್ಪ ಅತ್ತಿತ್ತ ಆದರೂ ಸೂರ್ಯನ ಒಂದು ಅಂಚು ಹೊರಗೆ ಉಳಿದುಬಿಡುತ್ತದೆ. ಎಲ್ಲೆಲ್ಲಿ ಅಂಚೂ ಉಳಿಯದೆ ಪೂರ್ತಿ ಮುಚ್ಚುತ್ತದೋ ಆ ಜಾಗಗಳನ್ನೆಲ್ಲ ಭೂಪಟದ ಮೇಲೆ ಬಿಡಿಸಿದರೆ ಉದ್ದನೆಯ, ತೆಳ್ಳನೆಯ ಒಂದು ಪಟ್ಟಿ ಸಿಗುತ್ತದೆ. ಅದರ ಅಗಲ ಸಾಮಾನ್ಯವಾಗಿ ನೂರು, ನೂರೈವತ್ತು ಕಿಲೋಮೀಟರ್.

1980ರ ಫೆಬ್ರವರಿ 16, ಶನಿವಾರ, ಅಂಥ ಒಂದು ಪಟ್ಟಿ ನಮ್ಮ ಕರ್ನಾಟಕದ ಮೇಲೇ ಹಾಯಿತು. ಅರಬ್ಬಿ ಸಮುದ್ರದಿಂದ ಕಾರವಾರ, ಅಂಕೋಲಾ ಕಡೆ ದಡ ಹತ್ತಿದ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ದಾಟಿ, ಆಂಧ್ರ ಹಾದು, ಒಡಿಶಾದ ಪುರಿಯ ಹತ್ತಿರ ಮತ್ತೆ ಸಮುದ್ರ ಸೇರಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹುಬ್ಬಳ್ಳಿಯ ಕಡೆ ಹಾಡುಹಗಲೇ ಕತ್ತಲಾಯಿತು, ಎರಡೂವರೆ ಮೂರು ನಿಮಿಷ ಮಾತ್ರ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ತಮ್ಮ ದೂರದರ್ಶಕಗಳನ್ನು ರಾಯಚೂರು ಜಿಲ್ಲೆಯ ಜವಳಗೇರ ಎಂಬ ಹಳ್ಳಿಗೆ ಹೊತ್ತೊಯ್ದು ಬಿಡಾರ ಹೂಡಿದ್ದರು. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಹೆಸರಾಂತ ಖಗೋಳ ವಿಜ್ಞಾನಿ ವೇಣು ಬಾಪು. ದೊಡ್ಡ ಊರಿನ ದೊಡ್ಡ ಸಂಸ್ಥೆ ಅಂತ ನೆರಳು ಅಲ್ಲಿಗೆ ಬರುವುದಿಲ್ಲ ನೋಡಿ, ವಿಜ್ಞಾನಿಗಳೇ ಜೋಳದ ಹೊಲದ ಸೀಮೆಗೆ ಹೋಗಬೇಕಾಯಿತು.

ಮತ್ತೆ ಮಂಡ್ಯ? ಪಟ್ಟಿಯಿಂದ ಬಹಳ ದಕ್ಷಿಣಕ್ಕೆ ಉಳಿಯಿತು. ಇಲ್ಲೂ ಸೂರ್ಯನ ಬಹುಪಾಲು ಮುಚ್ಚಿಹೋಗಿತ್ತು, ಆದರೆ ಕತ್ತಲಾಗಲಿಲ್ಲ. "ಬಹುಪಾಲು ಮುಚ್ಚಿತ್ತಲ್ಲ, ಹುಬ್ಬಳ್ಳಿಯಲ್ಲಿ ಕಂಡದ್ದರಲ್ಲಿ ಬಹುಪಾಲು ನಮಗೂ ಕಂಡಿರಬೇಕು" ಎಂದು ನೀವು ಅನ್ನಬಹುದು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಗ್ರಹಣದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಹೆಚ್ಚು. ಹತ್ತರಲ್ಲಿ ಒಂದು ಪಾಲು ಸೂರ್ಯ ಉಳಿದರೂ ನಲವತ್ತು ಸಾವಿರ ಹುಣ್ಣಿಮೆಯಷ್ಟು ಬೆಳಕು ಉಳಿದಂತಾಯಿತು. ನೂರರಲ್ಲಿ ಒಂದೇ ಪಾಲು ಉಳಿದರೂ ನಾಲ್ಕು ಸಾವಿರ ಹುಣ್ಣಿಮೆ! ಅಷ್ಟು ಬೆಳಕಿನಲ್ಲಿ ನಕ್ಷತ್ರ ಎಲ್ಲಿಂದ ಕಾಣಬೇಕು? ಭಾಗಶಃ ಗ್ರಹಣಕ್ಕೂ ಪೂರ್ಣಗ್ರಹಣಕ್ಕೂ ಇರುವುದು ಹೆಚ್ಚುಕಮ್ಮಿಯ ವ್ಯತ್ಯಾಸವಲ್ಲ. ಅವೆರಡೂ ಬೇರೆ ಬೇರೆ ನೋಟಗಳೇ.

ಕೊನೆಯ ಅಂಚೂ ಮರೆಯಾದ ಕ್ಷಣದಲ್ಲಿ ಸೂರ್ಯನಿದ್ದ ಕಡೆ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಮುತ್ತಿನ ಬಣ್ಣದ ಪ್ರಭೆ ಕಾಣುತ್ತದೆ. ಆ ಪ್ರಭೆಗೆ ಕರೋನಾ ಎಂದು ಹೆಸರು. (ಕಾಯಿಲೆಯ ವೈರಸ್ಸಿಗೆ ಆ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ.) ಅದು ಸೂರ್ಯನ ಹೊರಗಿನ ವಾತಾವರಣ. ಅದರ ಬಿಸಿ ಹತ್ತು ಲಕ್ಷ ಡಿಗ್ರಿಗೂ ಮೇಲೆ. ದಿನವೂ ಅದು ಅಲ್ಲೇ ಇರುತ್ತದೆ, ಸೂರ್ಯನ ಝಳದಲ್ಲಿ ನಮಗೆ ಕಾಣುವುದಿಲ್ಲ ಅಷ್ಟೆ. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಜ್ವಾಲೆಗಳೂ ಇಣುಕುತ್ತವೆ. ಗಾಳಿ ತಣ್ಣಗಾಗುತ್ತದೆ. ಸಂಜೆಯಾಯಿತೆಂದು ಹಕ್ಕಿಗಳು ಗೂಡಿನ ಕಡೆ ಹಾರುತ್ತವೆ. ನಮ್ಮ ಕೊಕ್ಕರೆ ಬೆಳ್ಳೂರಿನ ಮೇಲೆ ಎಂದಾದರೂ ಅಂಥ ನೆರಳು ಬಿದ್ದರೆ ಆ ಹೆಜ್ಜಾರ್ಲೆಗಳ ಗಲಿಬಿಲಿ ನೋಡುವಂತಿರುತ್ತದೆ.

ಆ ಕೆಂಪು ಜ್ವಾಲೆಗಳು ಏನೆಂದು ತಿಳಿದದ್ದೂ ನಮ್ಮ ಸೀಮೆಗೆ ಬಂದು ನೋಡಿದವರಿಂದಲೇ. 1868ರ ಆಗಸ್ಟ್ 18ರ ಪೂರ್ಣಗ್ರಹಣದಂದು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ದೂರದರ್ಶಕ ನೆಟ್ಟಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಇವನು. ಮಳೆಗಾಲದ ಮೋಡ ಬಂದು ಬಂದು ಕಾಡಿಸಿತು. ಮೋಡದ ಬಿಡುವಿನಲ್ಲಿ ಅವನು ಜ್ವಾಲೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಹೊಳೆದವು. ಜ್ವಾಲೆ ಅಂದರೆ ಕಾದು ಹೊಳೆಯುವ ಅನಿಲ ಎಂಬುದಕ್ಕೆ ಅದೇ ಸಾಕ್ಷಿ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂಡ ಇಂಥವೇ ಗೆರೆಗಳನ್ನು ಕಂಡ. ಕಿತ್ತಳೆಯಂತೆ ತೋರಿದ ಹಳದಿ ಗೆರೆ ಸೋಡಿಯಂನದೇ ಇರಬೇಕೆಂದು ಮೊದಮೊದಲು ಅಂದುಕೊಂಡರು. ಅಲ್ಲ, ಇದು ಭೂಮಿಯಲ್ಲಿ ಕಾಣದ ಹೊಸ ಧಾತು ಎಂದು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಪಟ್ಟು ಹಿಡಿದ. ಅದೇ ಹೀಲಿಯಂ, ಜಾತ್ರೆಯ ಬೆಲೂನನ್ನು ಮೇಲಕ್ಕೆ ಹಾರಿಸುವ ಅನಿಲ. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಆ ಲಾಕ್ಯರ್ ಕೂಡ ಗ್ರಹಣಕ್ಕೆಂದೇ ನಮ್ಮ ಕಡಲತೀರಕ್ಕೆ ಬಂದ. 1871ರ ಡಿಸೆಂಬರ್ 12ರ ಬೆಳಿಗ್ಗೆ ಅವನು ನಿಂತದ್ದು ಕಾಸರಗೋಡಿನ ಬೇಕಲ ಕೋಟೆಯಲ್ಲಿ. ಅಂದಿನ ನೆರಳು ಬೇಕಲದಿಂದ ವಯನಾಡು, ಉದಕಮಂಡಲಗಳ ಕಡೆ ಹೋಯಿತು. ಉದಕಮಂಡಲ ಮಳವಳ್ಳಿಯಿಂದ ನೇರಗೆರೆಯಲ್ಲಿ ನೂರಿಪ್ಪತ್ತು ಕಿಲೋಮೀಟರಿನೊಳಗೇ ಇದೆ. ಅಷ್ಟು ಹತ್ತಿರ ಬಂದ ನೆರಳೂ ನಮ್ಮ ಊರುಗಳ ಮೇಲೆ ಬೀಳದೆ ಹೋಯಿತು.

2019ರ ಡಿಸೆಂಬರ್ 26ರದು ನಿಮ್ಮ ಅಕ್ಕ ಅಣ್ಣಂದಿರಿಗೆ ನೆನಪಿರುತ್ತದೆ. ಅದು ಪೂರ್ಣಗ್ರಹಣವಲ್ಲ, ಕಂಕಣಗ್ರಹಣ. ಚಂದ್ರ ಒಮ್ಮೊಮ್ಮೆ ಭೂಮಿಯಿಂದ ತುಸು ದೂರ ಹೋಗಿರುತ್ತಾನೆ. ಆಗ ಅವನ ಬಿಲ್ಲೆ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಿರುವುದಿಲ್ಲ, ಸುತ್ತ ಬೆಳಕಿನ ಬಳೆ ಉಳಿಯುತ್ತದೆ. ಮದ್ದೂರಿನ ಮಕ್ಕಳಿಗೆ ಹೇಳುವುದಾದರೆ, ನಿಮ್ಮೂರಿನ ವಡೆ ಅಲ್ಲ, ತೂತಿರುವ ಉದ್ದಿನ ವಡೆ! ಆ ಬಳೆ ಕಂಡದ್ದು ಮಂಗಳೂರು, ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರಿನಂಥ ಕಡೆ. ಮಂಡ್ಯ ಮತ್ತೆ ಪಟ್ಟಿಯ ಹೊರಗೆ. ಇಲ್ಲಿ ಕಂಡದ್ದು ಸಣ್ಣ ಕುಡುಗೋಲಿನಾಕಾರದ ಸೂರ್ಯ. ಇಂಥ ಹೊತ್ತಿನಲ್ಲಿ ಹೊಂಗೆಮರದ ಕೆಳಗೆ ನೋಡಿದವರಿಗೆ ನೆಲದ ತುಂಬ ಅಂಥವೇ ಪುಟ್ಟ ಪುಟ್ಟ ಆಕಾರಗಳು ಸಿಗುತ್ತವೆ. ಎಲೆಗಳ ಸಂದಿಯೊಂದೊಂದೂ ಸೂರ್ಯನ ಚಿತ್ರವನ್ನು ನೆಲಕ್ಕೆ ಇಳಿಸುತ್ತದೆ. ಅಡುಗೆಮನೆಯ ವಂದರಿ ಹಿಡಿದರೂ ಸಾಕು, ಅದರ ನೆರಳಿನಲ್ಲಿ ನೂರಾರು ಸೂರ್ಯರು.

ಗ್ರಹಣದ ಹೊತ್ತಿನಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದನ್ನು ನೀವು ನೋಡಿರಬಹುದು. ನಿಲ್ಲುತ್ತದೆ, ನಿಜ. ನಾಳೆ ಗ್ರಹಣವಿಲ್ಲದ ದಿನವೂ ನಿಲ್ಲಿಸಿ ನೋಡಿ, ಬುಡ ಸಮತಟ್ಟಾಗಿದ್ದರೆ ಆಗಲೂ ನಿಲ್ಲುತ್ತದೆ. ಅಜ್ಜಿಯ ಜೊತೆ ಜಗಳ ಬೇಡ, ಅಜ್ಜಿಯನ್ನೂ ಕರೆದು ತೋರಿಸಿ. ಒಂದು ವಿಷಯದಲ್ಲಿ ಮಾತ್ರ ಅಜ್ಜಿಯ ಮಾತು ಸರಿ: ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಅದು ಗ್ರಹಣದ ದೋಷವಲ್ಲ, ಯಾವ ದಿನವಾದರೂ ಅಷ್ಟೆ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಸಗಣಿ ನೀರಿನ ಪ್ರತಿಬಿಂಬ, ಯಾವುದೂ ಬೇಡ. ಐಎಸ್‌ಒ 12312-2 ಎಂಬ ಗುರುತಿರುವ ಗ್ರಹಣ ಕನ್ನಡಕ ಬೇಕು. ಗೀರು, ತೂತು ಇದ್ದರೆ ಎಸೆಯಿರಿ. ಪೂರ್ಣಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಕನ್ನಡಕ ತೆಗೆಯಬಹುದು. ಅಂಚು ಇಣುಕಿದೊಡನೆ ಮತ್ತೆ ಹಾಕಿಕೊಳ್ಳಬೇಕು.

ಮುಂದಿನ ಗ್ರಹಣಗಳ ತಾರೀಕು ಬರೆದಿಟ್ಟುಕೊಳ್ಳಿ. 2027ರ ಆಗಸ್ಟ್ 2, ಸೋಮವಾರ: ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ಣಗ್ರಹಣ, ನಮ್ಮ ಕಡೆ ಮೋಡವಿಲ್ಲದಿದ್ದರೆ ಸಂಜೆ ಭಾಗಶಃ ಗ್ರಹಣ. 2031ರ ಮೇ 21: ಕೇರಳ ಮತ್ತು ತಮಿಳುನಾಡಿನಲ್ಲಿ ಕಂಕಣಗ್ರಹಣ, ಮಧುರೆಯೂ ಆ ಪಟ್ಟಿಯಲ್ಲಿದೆ. 2034ರ ಮಾರ್ಚ್ 20: ಪೂರ್ಣಗ್ರಹಣ, ಭಾರತದಲ್ಲಿ ಕಾಣುವುದು ಕಾರ್ಗಿಲ್ ಕಡೆ ಮಾತ್ರ. ಕಾರ್ಗಿಲ್ ದೂರವಾಯಿತು, ಮಧುರೆ ಅಷ್ಟು ದೂರವಲ್ಲ. ಮೇ ತಿಂಗಳು ಅಂದರೆ ಬೇಸಿಗೆ ರಜೆಯೂ ಹೌದು. ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ಈಗಿನಿಂದಲೇ ಹೇಳಿಡಿ, ಒಂದು ಬಸ್ಸು ಮಾಡಿಸಲಿ.