ಸಂವಿಧಾನವು ಉಚ್ಚರಿಸದ ಪದ



1787ರ ಬೇಸಿಗೆಯಲ್ಲಿ 55 ಮಂದಿ ಪ್ರತಿನಿಧಿಗಳು ಫಿಲಡೆಲ್ಫಿಯಾ ನಗರದಲ್ಲಿ ಕದ ಮುಚ್ಚಿ ಕುಳಿತು ಅಮೇರಿಕದ ಸಂವಿಧಾನವನ್ನು ರಚಿಸಿದರು. ಹನ್ನೊಂದು ವರ್ಷಗಳ ಹಿಂದೆಯಷ್ಟೇ, ಸಕಲ ಮಾನವರೂ ಸಮಾನರಾಗಿ ಸೃಷ್ಟಿಸಲ್ಪಟ್ಟವರೆಂದು ಜಗತ್ತಿಗೆ ಸಾರಿದ್ದ ನಾಡು ಅದು. ಅವರು ಬರೆದ ಆ ಮೂಲ ಪಠ್ಯವನ್ನು ಆದ್ಯಂತ ಓದಿರಿ, 'ಗುಲಾಮ' ಎಂಬ ಪದ ಎಲ್ಲಿಯೂ ಸಿಗದು. ಆದರೆ ಗುಲಾಮಗಿರಿ ಅದರೊಳಗೆ ಭದ್ರವಾಗಿ ಕುಳಿತಿದೆ.

ಜನಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ಸ್ವತಂತ್ರರನ್ನು ಪೂರ್ಣವಾಗಿಯೂ 'ಇತರ ವ್ಯಕ್ತಿಗಳನ್ನು' ಐದರಲ್ಲಿ ಮೂರು ಪಾಲಾಗಿಯೂ ಎಣಿಸಬೇಕೆಂದು ಅದು ವಿಧಿಸಿತು. ಕರಿಯರನ್ನು ಪೂರ್ಣ ಮನುಷ್ಯರೆಂದು ಒಪ್ಪದಿರುವುದೇ ಇಲ್ಲಿನ ಅನ್ಯಾಯವೆಂದು ಅನೇಕರು ತಿಳಿದಿದ್ದಾರೆ. ವಾಸ್ತವ ಅದಕ್ಕಿಂತಲೂ ಕ್ರೂರ. ಗುಲಾಮರನ್ನು ಪೂರ್ಣವಾಗಿ ಎಣಿಸಬೇಕೆಂದು ಹಟ ಹಿಡಿದವರು ಅವರ ಒಡೆಯರೇ. ಗುಲಾಮನಿಗೆ ಮತವಿರಲಿಲ್ಲ, ಅವನ ತಲೆಯೆಣಿಕೆಯಿಂದ ಬಲ ಹೆಚ್ಚುತ್ತಿದ್ದುದು ಒಡೆಯನಿಗೆ. 1790ರ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರ ಪೈಕಿ ಏಳು ಲಕ್ಷದಷ್ಟು ಗುಲಾಮರಿದ್ದರು. ಅಧ್ಯಕ್ಷರ ಆಯ್ಕೆಯಲ್ಲಿಯೂ ಇದೇ ಲೆಕ್ಕ ನಡೆಯಿತು. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ಗುಲಾಮರನ್ನಿಟ್ಟುಕೊಂಡಿದ್ದ ವರ್ಜೀನಿಯಾದವರು.

ತಪ್ಪಿಸಿಕೊಂಡು ಇನ್ನೊಂದು ರಾಜ್ಯ ಸೇರಿದವನನ್ನು ಒಡೆಯನಿಗೆ ಮರಳಿಸಬೇಕೆಂಬ ವಿಧಿಯೂ ಸೇರಿತು. ಅಲ್ಲಿಯೂ ಅವನು 'ದುಡಿಮೆಗೆ ಬದ್ಧನಾದ ವ್ಯಕ್ತಿ' ಮಾತ್ರ. ಮನುಷ್ಯನು ಮನುಷ್ಯನ ಸೊತ್ತಾಗಬಹುದೆಂಬ ಕಲ್ಪನೆಗೆ ಸಂವಿಧಾನದಲ್ಲಿ ಎಡೆ ನೀಡುವುದು ತಪ್ಪೆಂದು ಮ್ಯಾಡಿಸನ್ ಸಭೆಯಲ್ಲಿ ಹೇಳಿದರು. ಸ್ವತಃ ಅವರೂ ಗುಲಾಮರ ಒಡೆಯರೇ! ಈ ವ್ಯಾಪಾರವು ನಾಡಿನ ಮೇಲೆ ದೈವಿಕ ಶಿಕ್ಷೆಯನ್ನೆರಗಿಸುವುದೆಂದು ಎಚ್ಚರಿಸಿದ ಜಾರ್ಜ್ ಮೇಸನ್ ಕೂಡಾ ಅಂಥವರೇ. ದಕ್ಷಿಣ ಕೆರೊಲಿನಾದ ರಟ್ಲೆಜ್ ಮಾತ್ರ ಮುಚ್ಚುಮರೆ ಮಾಡಲಿಲ್ಲ. ಧರ್ಮಕ್ಕೂ ಮಾನವೀಯತೆಗೂ ಈ ಪ್ರಶ್ನೆಯೊಂದಿಗೆ ಸಂಬಂಧವಿಲ್ಲ, ಹಿತಾಸಕ್ತಿಯೊಂದೇ ಮುಖ್ಯ ಎಂದುಬಿಟ್ಟರು.

ಹಿತಾಸಕ್ತಿಯೇ ಗೆದ್ದಿತು. ಆಫ್ರಿಕಾದಿಂದ ಮನುಷ್ಯರನ್ನು ತರುವುದನ್ನು 1808ಕ್ಕೆ ಮೊದಲು ಕಾಂಗ್ರೆಸ್ ನಿಷೇಧಿಸಕೂಡದು, ತಲೆಗೆ ಹತ್ತು ಡಾಲರ್ ಮೀರದ ತೆರಿಗೆ ಹಾಕಬಹುದು ಎಂದು ಬರೆಯಲಾಯಿತು. ಈ ಗಡುವನ್ನು ತಿದ್ದುಪಡಿಯ ಮೂಲಕವೂ ಮುಟ್ಟುವಂತಿರಲಿಲ್ಲ.

ಈ ಇಪ್ಪತ್ತು ವರ್ಷಗಳ ಬೆಲೆಯೇನೆಂದು ತಿಳಿಯಲು ಒಬ್ಬ ವ್ಯಕ್ತಿಯನ್ನು ನೋಡೋಣ. ಇಂದಿನ ಸೆನೆಗಲ್‌ನ ಫೂಟಾ ಟೋರೊದ ವಿದ್ವಾಂಸ ಉಮರ್ ಇಬ್ನ್ ಸಯೀದ್. ಗಡುವು ಮುಗಿಯಲು ಕೆಲವೇ ತಿಂಗಳಿದ್ದಾಗ, 1807ರಲ್ಲಿ, ಅವರನ್ನು ಚಾರ್ಲ್ಸ್‌ಟನ್ ಬಂದರಿನಲ್ಲಿಳಿಸಿ ಮಾರಲಾಯಿತು. ಓಡಿಹೋದರು, ಸಿಕ್ಕಿಬಿದ್ದರು, ಸೆರೆಮನೆಯ ಗೋಡೆಯ ಮೇಲೆ ಅರಬಿಯಲ್ಲಿ ಬರೆದರು. 1831ರಲ್ಲಿ ಅರಬಿಯಲ್ಲಿಯೇ ಆತ್ಮಕಥೆ ರಚಿಸಿದರು. ಅದು ತೆರೆದುಕೊಳ್ಳುವುದು ಸೂರಃ ಅಲ್ ಮುಲ್ಕ್‌ನಿಂದ. ಒಡೆತನ ಯಾರದೆಂದು ಸಾರುವ ಆ ಅಧ್ಯಾಯವನ್ನೇ ಆರಿಸಿಕೊಂಡುದು ಆಕಸ್ಮಿಕವೆಂದು ನನಗನಿಸುವುದಿಲ್ಲ. 1864ರಲ್ಲಿ ಅವರು ಗುಲಾಮರಾಗಿಯೇ ತೀರಿಕೊಂಡರು.

ಈ ಸಂವಿಧಾನವನ್ನೇನು ಮಾಡಬೇಕು? ಗುಲಾಮಗಿರಿಯ ವಿರೋಧಿಗಳಲ್ಲಿಯೇ ಒಮ್ಮತವಿರಲಿಲ್ಲ. 1854ರ ಜುಲೈ 4ರಂದು ಗ್ಯಾರಿಸನ್ ಅದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್‌ರಾದರೋ ಮೊದಲು ಅವರೊಂದಿಗಿದ್ದು, ಬಳಿಕ ಅದೇ ಪಠ್ಯವನ್ನು ವಿಮೋಚನೆಯ ಆಯುಧವಾಗಿಸಬಹುದೆಂಬ ನಿಲುವಿಗೆ ಬಂದರು. ಆದರೆ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ವತಂತ್ರರಾದ ಕರಿಯರೂ ಈ ದೇಶದ ಪೌರರಾಗಲಾರರೆಂದು ತೀರ್ಪಿತ್ತಿತು. ನಾಲ್ಕೇ ವರ್ಷಗಳಲ್ಲಿ ಅಂತರ್ಯುದ್ಧ ಸಿಡಿಯಿತು.

1865ರ ಹದಿಮೂರನೇ ತಿದ್ದುಪಡಿಯಲ್ಲಿ 'ಗುಲಾಮಗಿರಿ' ಎಂಬ ಪದ ಮೊತ್ತಮೊದಲ ಬಾರಿಗೆ ಸಂವಿಧಾನವನ್ನು ಪ್ರವೇಶಿಸಿತು, ನಿಷೇಧಿಸಲ್ಪಡುವುದಕ್ಕಾಗಿ. ಅದರ ಜೊತೆಯಲ್ಲಿಯೇ ಒಂದು ವಿನಾಯಿತಿಯೂ ಬಂತು: ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ಹೊರತು. ದಕ್ಷಿಣದ ರಾಜ್ಯಗಳು ಈ ಕಿಂಡಿಯನ್ನು ಬಹುಬೇಗ ಕಂಡುಕೊಂಡವು. ಅಲೆಮಾರಿತನದಂಥ ಆರೋಪ ಹೊರಿಸಿ ಕರಿಯರನ್ನು ಬಂಧಿಸಿ, ತೋಟ ಮತ್ತು ಗಣಿಗಳಿಗೆ ಬಾಡಿಗೆಗೆ ಕೊಟ್ಟವು. 2022ರಲ್ಲಿ ಅಲಬಾಮಾ, ಟೆನ್ನೆಸ್ಸಿ ಸಹಿತ ನಾಲ್ಕು ರಾಜ್ಯಗಳ ಮತದಾರರು ಇಂಥ ವಿನಾಯಿತಿಯನ್ನು ತಂತಮ್ಮ ಸಂವಿಧಾನಗಳಿಂದ ಕಿತ್ತುಹಾಕಿದರು. 2024ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅದನ್ನು ನಿರಾಕರಿಸಿದರು. ರಾಷ್ಟ್ರದ ಸಂವಿಧಾನದಲ್ಲಂತೂ ಆ ವಾಕ್ಯ ಹಾಗೆಯೇ ಇದೆ.